ಮಿರಜದಿಂದ ಪಂಢರಪುರಕ್ಕೆ ಹೋಗುತ್ತಿದ್ದ ಸಣ್ಣ ಗಾಡಿ ಯಾವುದು? ವಿಜಯಪುರದ ಗಾಡಿಯೂ ಅದೇ ಏನು?

ಅಥಣಿಯ ಓದುಗಿ

ನಮ್ಮ ಮನೆಯಲ್ಲಿ ದೀಪಾವಳಿಗೆ ಎದ್ದ ವಾದ ಇನ್ನೂ ಮುಗಿದಿಲ್ಲ. ತಿಳಿದವರು ಯಾರಾದರೂ ಬಗೆಹರಿಸಿಕೊಟ್ಟರೆ ಉಪಕಾರವಾಗುತ್ತದೆ.

ನಮ್ಮದು ಅಥಣಿ ತಾಲೂಕು. ಆಯಿ ತುಳಸಿಮಾಲೆ ಹಾಕಿದವರು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಜೊತೆ, ಆಮೇಲೆ ಓಣಿಯ ಹೆಂಗಸರ ಜೊತೆ ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ ಹೋಗುತ್ತಿದ್ದರಂತೆ. ಶೇಡಬಾಳ ಸ್ಟೇಷನ್ನಿನಲ್ಲಿ ಹತ್ತಿ ಮಿರಜದಲ್ಲಿ ಇಳಿಯುವುದು, ಅಲ್ಲಿ ಗಂಟು ಹೊತ್ತುಕೊಂಡು ಇನ್ನೊಂದು ಗಾಡಿಗೆ ಹೋಗುವುದು. ಆ ಎರಡನೆಯ ಗಾಡಿ ಎಷ್ಟು ಸಣ್ಣದೆಂದರೆ ಎದುರಿಗೆ ಕುಳಿತವರ ಮೊಣಕಾಲು ತಮ್ಮ ಮೊಣಕಾಲಿಗೆ ತಾಗುತ್ತಿತ್ತು ಎನ್ನುತ್ತಾರೆ. ಮಿರಜದಲ್ಲಿ ಮೂರು ಅಳತೆಯ ಹಳಿಗಳಿದ್ದವು ಎಂದೂ ಹೇಳುತ್ತಾರೆ. ಅಪ್ಪ ಅದನ್ನು ಕೇಳಿ ನಗುತ್ತಾರೆ.

ಅಪ್ಪನ ಸೋದರಮಾವ ವಿಜಯಪುರದವರು. ಅವರ ಪ್ರಕಾರ ವಿಜಯಪುರ, ಬಾಗಲಕೋಟೆ, ಗದಗ ಎಲ್ಲ ಕಡೆಯೂ ಮೊನ್ನೆ ಮೊನ್ನೆಯವರೆಗೆ ಓಡಿದ್ದು ಅದೇ ನ್ಯಾರೋ ಗೇಜ್ ಗಾಡಿ. ಮನಸ್ಸು ಮಾಡಿದ್ದರೆ ವಿಜಯಪುರದ ಡಬ್ಬಿಯನ್ನೇ ಪಂಢರಪುರಕ್ಕೆ ಒಯ್ಯಬಹುದಿತ್ತು ಎನ್ನುತ್ತಾರೆ. ಆಯಿಯದು ಒಂದೇ ಮಾತು: ‘ವಿಜಾಪುರದ ಗಾಡಿಯನ್ನೂ ನೋಡಿದ್ದೇನೆ, ಅದು ಬೇರೆ.’

ಯಾರು ಸರಿ? ಆ ಸಣ್ಣ ಗಾಡಿಯನ್ನು ಹಾಕಿದವರು ಯಾರು? ದೊಡ್ಡದನ್ನೇ ಏಕೆ ಹಾಕಲಿಲ್ಲ? ಇಷ್ಟು ಹತ್ತಿರ ಬಂದ ರೈಲು ನಮ್ಮ ಅಥಣಿಗೆ ಮಾತ್ರ ಏಕೆ ಬರಲಿಲ್ಲ? ಆಯಿಯ ನೆನಪುಗಳನ್ನು ಬರೆದಿಡುತ್ತಿದ್ದೇನೆ, ಅದಕ್ಕೇ ಇಷ್ಟು ಕೇಳುತ್ತಿದ್ದೇನೆ.

ಗೂಡ್ಸ್ ಶೆಡ್ ಗುಮಾಸ್ತ

ತಂಗಿ, ನಿಮ್ಮ ಆಯಿ ಗೆದ್ದರು. ಮೂರು ಹಳಿಗಳ ಮಾತಿನಲ್ಲೂ ಗೆದ್ದರು. ಮಾವನವರಿಗೆ ಒಂದು ಕಪ್ ಚಹಾ ಕೊಟ್ಟು ಸಮಾಧಾನ ಮಾಡಿ, ಏಕೆಂದರೆ ಅವರ ಹಾಗೆ ಹೇಳುವವರು ನಮ್ಮ ಮೂರೂ ಜಿಲ್ಲೆಗಳಲ್ಲಿ ತುಂಬಿದ್ದಾರೆ. ಈಗಿನ ಗಾಡಿಗಿಂತ ಸಣ್ಣದಾಗಿದ್ದ ಎಲ್ಲವನ್ನೂ ನ್ಯಾರೋ ಗೇಜ್ ಎಂದುಬಿಡುವುದು ವಾಡಿಕೆಯಾಗಿದೆ.

ನಾನು ರೈಲ್ವೆಯ ಸರಕು ವಿಭಾಗದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಮಿರಜದಲ್ಲೂ ಇದ್ದೆ, ಘಟಪ್ರಭೆಯಲ್ಲೂ ಇದ್ದೆ. ಈಗ ರಾಯಬಾಗದಲ್ಲಿ ವಾಸ. ಮಿರಜದ ಹಳಿಗಳ ಮೇಲೆ ದಿನವೂ ದಾಟಿ ಓಡಾಡಿದ್ದೇನೆ.

ಪಂಢರಪುರದ ಗಾಡಿ ಬಾರ್ಸಿ ಲೈಟ್ ರೈಲ್ವೆಯದು. ಹಳಿಯಿಂದ ಹಳಿಗೆ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ನಿಜವಾದ ನ್ಯಾರೋ ಗೇಜ್ ಇದು. ನಿಮ್ಮ ಆಯಿ ಶೇಡಬಾಳದಲ್ಲಿ ಹತ್ತುತ್ತಿದ್ದ, ಬೆಳಗಾವಿಯಿಂದ ಬರುತ್ತಿದ್ದ ಗಾಡಿ ಮೀಟರ್ ಗೇಜ್, 1000 ಮಿಲಿಮೀಟರ್. ಮಾವನವರ ವಿಜಯಪುರದ ಗಾಡಿಯೂ ಮೀಟರ್ ಗೇಜೇ. ಮುಂಬೈ ಕಡೆಯ ಬ್ರಾಡ್ ಗೇಜ್ 1676, ಐದೂವರೆ ಅಡಿ. ಪುಣೆಯಿಂದ ಮಿರಜದವರೆಗಿನ ಮೀಟರ್ ಗೇಜನ್ನು ಕಿತ್ತು ಬ್ರಾಡ್ ಮಾಡಿದ್ದು 1971ರಲ್ಲಿ. ಮಿರಜ–ಲೋಂಡಾ ಮಾರ್ಗ ಬ್ರಾಡ್ ಆಗಲು ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಈ ನಡುವಿನ ಅವಧಿಯಲ್ಲಿ ಮಿರಜದಲ್ಲಿ ಮೂರೂ ಅಳತೆಯ ಹಳಿಗಳಿದ್ದವು. ತಂದೆಯವರು ನಗುವುದನ್ನು ನಿಲ್ಲಿಸಬಹುದು.

ಬಾರ್ಸಿಯ ಕಥೆ ಶುರುವಾಗುವುದು ನಮ್ಮ ಕಡೆಯಿಂದ ದೂರ, ಸೊಲ್ಲಾಪುರ ಜಿಲ್ಲೆಯಲ್ಲಿ. ಬಾರ್ಸಿ ಆಗ ಹತ್ತಿ ವ್ಯಾಪಾರದ ಊರು, ಆದರೆ ಮುಂಬೈ–ಮದ್ರಾಸ್ ದೊಡ್ಡ ಮಾರ್ಗ ಅದನ್ನು ಬದಿಗಿಟ್ಟು ಹೋಗಿತ್ತು. ಹತ್ತಿರದ ಸ್ಟೇಷನ್ ಎಂದರೆ ಬಾರ್ಸಿ ರೋಡ್, ಈಗಿನ ಕುರ್ಡುವಾಡಿ. ಹೆಸರಿನಲ್ಲಿ ‘ರೋಡ್’ ಅಂಟಿಕೊಂಡ ಸ್ಟೇಷನ್ ಎಂದರೆ ಊರು ಅಲ್ಲಿಲ್ಲ ಎಂದೇ ಅರ್ಥ. ನಮ್ಮ ಚಿಕ್ಕೋಡಿ ರೋಡ್, ಗೋಕಾಕ ರೋಡ್‌ಗಳಲ್ಲಿ ಇಳಿದವರಿಗೆ ಹೇಳಬೇಕಾಗಿಲ್ಲ. ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್ ಅಲ್ಲಿಂದ ಬಾರ್ಸಿಗೆ ಹಗುರ ಹಳಿ ಹಾಕಲು ಹೊರಟ. 1897ರಲ್ಲಿ ಮಾರ್ಗ ತೆರೆಯಿತು. 1906ರಲ್ಲಿ ಪಂಢರಪುರ, 1911ರಲ್ಲಿ ಲಾತೂರು, 1927ರಲ್ಲಿ ಮಿರಜ. ಹೀಗೆ ಮೂವತ್ತು ವರ್ಷಗಳಲ್ಲಿ ಅದು ನಮ್ಮ ಹೊಸ್ತಿಲಿಗೆ ಬಂತು.

ಕ್ಯಾಲ್ತ್ರಾಪ್ ಸಾಮಾನ್ಯನಲ್ಲ. ಅರಬ್ಬಿ ಕುದುರೆಗಳ ಹುಚ್ಚು ಇದ್ದವನು, ಮುಂದೆ ವಿಮಾನ ಚಾಲಕರಿಗಾಗಿ ಪ್ಯಾರಾಚೂಟ್ ತಯಾರಿಸಿದವನೂ ಅವನೇ. ರೈಲಿನಲ್ಲಿ ಅವನ ಲೆಕ್ಕ ಸರಳವಾಗಿತ್ತು. ಗಜಕ್ಕೆ 30 ಪೌಂಡ್ ತೂಗುವ ಹಗುರ ಹಳಿ ಹಾಕಿದರೆ ಒಂದೊಂದು ಅಚ್ಚಿನ ಮೇಲೆ 5 ಟನ್ ಭಾರ ಬೀಳಬಹುದು. ಹಾಗಾದರೆ ಎಂಜಿನ್, ಸರಕಿನ ಡಬ್ಬಿ, ಜನರ ಡಬ್ಬಿ ಯಾವುದೇ ಇರಲಿ, ಯಾವ ಅಚ್ಚೂ 5 ಟನ್ ಮೀರದಂತೆ ಎಲ್ಲವನ್ನೂ ಮಾಡಿಸಿದರೆ ಆಯಿತು. ಎಂಜಿನ್ ಭಾರವಾಗಬೇಕೇ? ಚಕ್ರ ಹೆಚ್ಚಿಸು. ಅವನ ಮೊದಲ ಎಂಜಿನ್‌ಗಳಿಗೆ ಎಳೆಯುವ ಚಕ್ರಗಳೇ ಎಂಟು, ಅವುಗಳ ಹಿಂದೆ ಭಾರ ಹೊರಲು ಮತ್ತೆ ನಾಲ್ಕು. ಲೀಡ್ಸ್‌ನ ಕಿಟ್ಸನ್ ಕಂಪನಿ ಕಟ್ಟಿದ್ದು. ಭಾರತಕ್ಕೆ ಕಳಿಸುವ ಮೊದಲು ಲೀಡ್ಸ್ ಹತ್ತಿರವೇ ಹಳಿ ಹಾಕಿ ಓಡಿಸಿ ಅಲ್ಲಿನ ಎಂಜಿನಿಯರುಗಳಿಗೆ ತೋರಿಸಿದ್ದ. ಆಟಿಕೆ ಗಾಡಿ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನು ಬೆಳಗಾವಿ. ಅದು ಸದರ್ನ್ ಮರಾಠಾ ರೈಲ್ವೆ ಎಂಬ ಬೇರೆಯೇ ಕಂಪನಿಯ ಕೆಲಸ, 1882ರಲ್ಲಿ ಹುಟ್ಟಿದ್ದು. ಲೋಂಡಾದಿಂದ ಬೆಳಗಾವಿಗೆ ಹಳಿ ಬಂದದ್ದು 1887ರಲ್ಲಿ. ಅದೇ ಮುಂದೆ ಘಟಪ್ರಭಾ, ರಾಯಬಾಗ, ಕುಡಚಿ, ಮಿರಜ ಹಾದು ಪುಣೆಯವರೆಗೆ ಹೋಯಿತು. ಮಿರಜದಿಂದ ಕೊಲ್ಹಾಪುರಕ್ಕೆ 1891ರಲ್ಲಿ ಅಲ್ಲಿನ ಸಂಸ್ಥಾನ ತನ್ನ ಮಾರ್ಗ ಹಾಕಿಕೊಂಡಿತು. ಎಲ್ಲವೂ ಮೀಟರ್ ಗೇಜ್. ಐದೂವರೆ ಅಡಿಯ ಹಳಿ ದುಬಾರಿ ಎಂದು ಕಂಡು ವೈಸರಾಯ್ ಮೇಯೊ 1870ರಲ್ಲಿ ಅಗ್ಗದ ಅಳತೆಗೆ ಒಪ್ಪಿದ್ದ; ದೇಶಕ್ಕೆ ಮೆಟ್ರಿಕ್ ಪದ್ಧತಿ ತರುವ ಮಾತೂ ಆಗ ನಡೆದಿದ್ದರಿಂದ ಅದು ಒಂದು ಮೀಟರ್ ಎಂದು ನಿಂತಿತು. ಮೆಟ್ರಿಕ್ ಅಳತೆ ಜನರ ಕೈಗೆ ಬರಲು ಸ್ವಾತಂತ್ರ್ಯ ಬರಬೇಕಾಯಿತು, ಹಳಿ ಮಾತ್ರ ಎಂಬತ್ತು ವರ್ಷ ಮೊದಲೇ ಮೀಟರಿನಲ್ಲಿ ಓಡಿತು.

ನಮ್ಮ ಭಾಗಕ್ಕೆ ಮೀಟರ್ ಗೇಜಿನಿಂದ ಒಂದು ಲಾಭವಂತೂ ಆಯಿತು. ಗೋವಾದ ಮರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಪೋರ್ಚುಗೀಸರ ಸೀಮೆಯಲ್ಲಿ ಹಾಕಿದ ಮಾರ್ಗವೂ ಅದೇ ಅಳತೆಯದು. ಗದಗಿನಲ್ಲಿ ತುಂಬಿದ ಹತ್ತಿಯ ಅಂಡಿಗೆಯನ್ನು ನಡುವೆ ಎಲ್ಲೂ ಇಳಿಸದೆ ಹಡಗಿನ ಪಕ್ಕಕ್ಕೆ ಒಯ್ಯಬಹುದಿತ್ತು.

ಅಥಣಿಯ ವಿಷಯ: ಬಾರ್ಸಿ ಮಾರ್ಗ ಪಂಢರಪುರದಿಂದ ಸಾಂಗೋಲೆ, ಜತ್ತ ರೋಡ್, ಢಾಲಗಾಂವ, ಕವಠೆ ಮಹಾಂಕಾಳ, ಸಲಗರೆ, ಆರಗ ಹಿಡಿದು ಮಿರಜಕ್ಕೆ ಇಳಿಯುತ್ತಿತ್ತು. ಅಥಣಿ ಈ ದಾರಿಗೆ ಆಗ್ನೇಯದಲ್ಲಿ ಉಳಿಯಿತು. ಇತ್ತ ದಕ್ಷಿಣದಲ್ಲಿ ಶೇಡಬಾಳ, ಉಗಾರ, ಕುಡಚಿ ಮೊದಲೇ ಇದ್ದವು. ಎರಡು ಮಾರ್ಗಗಳ ನಡುವೆ ಸಿಕ್ಕ ಊರು ಅದು. ಎರಡಕ್ಕೂ ಗಿರಾಕಿಯಾಯಿತು, ಯಾವುದಕ್ಕೂ ಸ್ಟೇಷನ್ ಆಗಲಿಲ್ಲ. ಜತ್ತ ತಾಲೂಕಿನ ಕನ್ನಡಿಗರಾದರೂ ತಮ್ಮ ಸೀಮೆಯ ಹೆಸರಿನ ಒಂದು ಸ್ಟೇಷನ್ ಕಂಡರು. ಅದೂ ‘ರೋಡ್’ ಜಾತಿಯದೇ ಎನ್ನಿ.

ಕಲಾದಗಿ ದಾಳಿಂಬೆ

ಗುಮಾಸ್ತ ಕಾಕಾ ವಿಜಯಪುರದ ಮಾರ್ಗವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದು ನಮ್ಮ ಜಿಲ್ಲೆಗೆ ಅನ್ಯಾಯ! ನಾನು ಶಾಲೆಯಲ್ಲಿ ಇತಿಹಾಸ ಕಲಿಸುವವನು, ಸ್ವಲ್ಪ ಸೇರಿಸುತ್ತೇನೆ.

ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ ಮೇಲೆ ಗದಗಿಗೆ ಹೋಗುವ ಈ ಮಾರ್ಗ ಹತ್ತಿಗಾಗಿ ಮಾತ್ರ ಹುಟ್ಟಿದ್ದಲ್ಲ, ಬರದಿಂದಲೂ ಹುಟ್ಟಿದ್ದು. 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ ನರಳಿದಷ್ಟು ಮುಂಬೈ ಪ್ರಾಂತದಲ್ಲಿ ನರಳಿದ ಜಿಲ್ಲೆಗಳು ಕಡಿಮೆ. ಬೇರೆ ಕಡೆ ಜೋಳವಿತ್ತು, ಇಲ್ಲಿಗೆ ತರುವ ದಾರಿ ಇರಲಿಲ್ಲ. ಚಕ್ಕಡಿಯಲ್ಲಿ ತರೋಣವೆಂದರೆ ದಾರಿಯಲ್ಲಿ ಎತ್ತಿಗೆ ಮೇವಿಲ್ಲ, ನೀರಿಲ್ಲ. ಎತ್ತು ಸತ್ತರೆ ಕಾಳು ಅಲ್ಲೇ ನಿಂತಿತು. 1880ರ ಕ್ಷಾಮ ಆಯೋಗ ಬರಪೀಡಿತ ಸೀಮೆಗಳಿಗೆ ರೈಲು ಬೇಕೆಂದು ಹೇಳಿದ್ದು ಈ ಅನುಭವದ ಮೇಲೆ. 1884ರಲ್ಲಿ ಇಲ್ಲಿ ಗಾಡಿ ಓಡಲು ಶುರುವಾಯಿತು.

ಈ ಮಾರ್ಗವನ್ನು ಭೂಪಟದಲ್ಲಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ನಮ್ಮ ನದಿಗಳೆಲ್ಲ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತವೆ, ರೈಲು ದಕ್ಷಿಣೋತ್ತರ. ಆದ್ದರಿಂದ ಹೊಳೆ ಆಲೂರಿನ ಬಳಿ ಮಲಪ್ರಭೆ, ಸೀತಿಮನಿಯ ಬಳಿ ಕೃಷ್ಣೆ, ಇಂಡಿ ಕಡೆ ದಾಟಿದ ಮೇಲೆ ಭೀಮೆ, ಹೀಗೆ ಒಂದೊಂದನ್ನೂ ದಾಟಲೇಬೇಕಾಯಿತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಚೆ ದಡ ಈಚೆ ದಡ ಬೇರೆ ಬೇರೆ ದೇಶಗಳಾಗುತ್ತಿದ್ದ ಕಾಲವದು. ಮೂರು ಸೇತುವೆಗಳು ಬಂದ ಮೇಲೆ ಆಷಾಢದಲ್ಲೂ ಬಾಗಲಕೋಟೆಯವರು ವಿಜಯಪುರಕ್ಕೆ ಹೋಗಿ ಬರುವಂತಾಯಿತು. ನನ್ನ ಮಟ್ಟಿಗೆ ಈ ಮಾರ್ಗದ ದೊಡ್ಡ ಕೆಲಸ ಇದೇ. ಹಳಿಯ ಅಗಲ ಆಮೇಲಿನ ಮಾತು.

ನಮ್ಮ ಊರಿಗೆ ಮಾತ್ರ ಈ ರೈಲು ಶಾಪವೇ ಆಯಿತು. ಕಲಾದಗಿ ಜಿಲ್ಲಾ ಕೇಂದ್ರವಾಗಿತ್ತು, ದಂಡು ಇತ್ತು, ಸಾಹೇಬರ ಬಂಗಲೆಗಳಿದ್ದವು. ಹಳಿ ಬಾಗಲಕೋಟೆಯ ಮೇಲಿಂದ ಹೋಯಿತು. 1885ರಲ್ಲಿ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಹೋಯಿತು. ನಮಗೆ ಉಳಿದದ್ದು ದಾಳಿಂಬೆ ಮತ್ತು ಚಿಕ್ಕು. ಈಗ ಬಾಗಲಕೋಟೆ–ಕುಡಚಿ ಹೊಸ ಮಾರ್ಗ ನಮ್ಮ ಪಕ್ಕದ ಖಜ್ಜಿಡೋಣಿಯವರೆಗೆ ಹಳಿ ತಂದಿದೆ. ಮುಂದಕ್ಕೆ ಕುಡಚಿ ಮುಟ್ಟಿದರೆ ಓದುಗಿಯವರ ಮಾವ ವಿಜಯಪುರದಿಂದ ಬಾಗಲಕೋಟೆ, ಕುಡಚಿ, ಮಿರಜದ ಮೇಲೆ ಸುತ್ತು ಹಾಕಿ ಒಂದೇ ಅಳತೆಯ ಹಳಿಯಲ್ಲಿ ಪಂಢರಪುರ ತಲುಪಬಹುದು. ಅವರ ವಾದ ನೂರು ವರ್ಷ ಮುಂಚಿತವಾಗಿ ಹುಟ್ಟಿತು, ಅಷ್ಟೇ.

ನಿಂಬಾಳದ ಹವಾ

ದಾಳಿಂಬೆಯವರೇ, ಮಾವನವರು ಹೊಟಗಿ, ಕುರ್ಡುವಾಡಿ ಮೇಲೆ ಇವತ್ತೇ ಹೋಗಬಹುದು, ಕುಡಚಿಗೆ ಕಾಯಬೇಕಾಗಿಲ್ಲ.

ನಾನು ಇಂಡಿ ಕಡೆಯವನು. ಮೀಟರ್ ಗೇಜ್ ಗಾಡಿಯಲ್ಲಿ ಕಾಲೇಜಿಗೆ ಹೋದ ಕೊನೆಯ ತಲೆಮಾರು ನಮ್ಮದು. 2000ದ ದಶಕದಲ್ಲಿ ಅದು ಬ್ರಾಡ್ ಆಯಿತು. ನಿಂಬಾಳದಲ್ಲಿ ಸ್ಟೇಷನ್ನಿಗೆ ಹತ್ತಿರವೇ ಗುರುದೇವ ರಾನಡೆಯವರ ಆಶ್ರಮ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿ ಕುಲಪತಿಯಾದವರು, ಹುಟ್ಟಿದ್ದು ಜಮಖಂಡಿಯಲ್ಲಿ, 1957ರಲ್ಲಿ ದೇಹ ಬಿಟ್ಟದ್ದು ನಿಂಬಾಳದಲ್ಲಿ. ಸುತ್ತ ಬಯಲು, ನಡುವೆ ಹಳಿ, ಆಶ್ರಮ. ಸಾಧಕರು ಎಲ್ಲೆಲ್ಲಿಂದಲೋ ಬಂದು ಆ ಪುಟ್ಟ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದರು. ಇಂಥ ಮಾರ್ಗದ ಒಂದು ತುಂಡನ್ನಾದರೂ ಹಾಗೇ ಉಳಿಸಿ, ಉಗಿ ಎಂಜಿನ್ ಹಚ್ಚಿ, ಗೋಲಗುಂಬಜ್ ನೋಡಲು ಬಂದವರನ್ನು ಕೂರಿಸಿ ಓಡಿಸಿದ್ದರೆ ಎಷ್ಟು ಚೆನ್ನಾಗಿತ್ತು. ವಿಜಯಪುರ ಸ್ಟೇಷನ್ನಿನ ಹೊರಗೆ ಬಂದರೆ ಗುಮ್ಮಟ ಎದುರಿಗೇ ಇದೆ. ಆಗಿನ ಗಾಡಿ ನಿಧಾನವಾದರೂ ಅದರಲ್ಲಿ ಮನುಷ್ಯತ್ವ ಇತ್ತು. ಜನ ಓಡುವ ಗಾಡಿಯಿಂದ ಇಳಿದು, ಹೊಲದಲ್ಲಿ ಕಡಲೆ ಗಿಡ ಕಿತ್ತುಕೊಂಡು ಮತ್ತೆ ಹತ್ತುತ್ತಿದ್ದರು.

ಅಥಣಿಯ ಓದುಗಿ

ಎಲ್ಲರಿಗೂ ಶರಣು. ಆಯಿಗೆ ಓದಿ ಹೇಳಿದೆ. ‘ಐದು ಟನ್ನು ಗಿನ್ನು ನನಗೆ ಗೊತ್ತಿಲ್ಲ, ಅದು ಸಣ್ಣ ಗಾಡಿ’ ಎಂದರು. ಅಪ್ಪ ಎದ್ದು ಹೊರಗೆ ಹೋದರು.

ಗುಮಾಸ್ತ ಕಾಕಾ, ಒಂದು ಅರ್ಥವಾಗಲಿಲ್ಲ. ಜನರಾದರೆ ಮಿರಜದಲ್ಲಿ ಇಳಿದು ಇನ್ನೊಂದು ಗಾಡಿ ಹತ್ತುತ್ತಾರೆ. ಸರಕು ಹೇಗೆ ಹತ್ತುತ್ತಿತ್ತು? ಅದಕ್ಕೆ ಯಂತ್ರವಿತ್ತೇ?

ಗೂಡ್ಸ್ ಶೆಡ್ ಗುಮಾಸ್ತ

ಯಂತ್ರ ಎಂದಿರಿ. ಇತ್ತು, ಹಮಾಲನ ಬೆನ್ನು.

ಈ ಪ್ರಶ್ನೆಯನ್ನು ಕೇಳುವವರೇ ಇಲ್ಲ. ಸಣ್ಣ ಗಾಡಿಯ ಬಗ್ಗೆ ಬರೆಯುವವರು ಹೊಗೆ, ಸೀಟಿ, ಕಿಟಕಿ ಇಷ್ಟರಲ್ಲೇ ಮುಗಿಸುತ್ತಾರೆ. ಸಣ್ಣ ಹಳಿಯ ಚರಿತ್ರೆ ಇರುವುದು ಅದು ದೊಡ್ಡ ಹಳಿಯನ್ನು ಕೂಡುವ ಜಾಗದಲ್ಲಿ. ನಮ್ಮ ಭಾಗಕ್ಕೆ ಅಂಥ ಜಾಗಗಳು ಎರಡು: ಉತ್ತರಕ್ಕೆ ಹೊಟಗಿ, ಪಶ್ಚಿಮಕ್ಕೆ ಮಿರಜ.

ನಾನು ಕಂಡದ್ದನ್ನು ಹೇಳುತ್ತೇನೆ. ಉದ್ದನೆಯ ಕಟ್ಟೆ, ಮೇಲೆ ತಗಡು. ಕಟ್ಟೆಯ ಒಂದು ಬದಿಗೆ ಬ್ರಾಡ್ ಗೇಜ್ ವ್ಯಾಗನ್, ಇನ್ನೊಂದು ಬದಿಗೆ ಮೀಟರ್ ಗೇಜ್ ವ್ಯಾಗನ್, ಬಾಗಿಲಿಗೆ ಬಾಗಿಲು ಎದುರಾಗಿ ನಿಲ್ಲಿಸಬೇಕು. ಗೊಬ್ಬರ, ಸಿಮೆಂಟ್, ಗೋಧಿ ಅತ್ತಲಿಂದ ಇತ್ತ. ಬೆಲ್ಲ, ಶೇಂಗಾ, ಹತ್ತಿ ಇತ್ತಲಿಂದ ಅತ್ತ. ಸೀಲು ಒಡೆದು ಬಾಗಿಲು ಸರಿಸಿದ ಕೂಡಲೇ ಒಳಗೆ ಇಬ್ಬರು ಹಮಾಲರು ನಿಂತು ಚೀಲ ಎತ್ತಿ ಹೊರಗಿನವನ ಬೆನ್ನಿಗೆ ಕೊಡುತ್ತಾರೆ. ಅವನು ಬಾಗಿಕೊಂಡೇ ಕಟ್ಟೆ ದಾಟಿ ಎದುರಿನ ವ್ಯಾಗನ್ನಿನೊಳಗೆ ಹೋಗಿ, ಭುಜ ಒಂದಿಷ್ಟು ತಿರುವಿ, ಚೀಲವನ್ನು ಕೈಯಿಂದ ಮುಟ್ಟದೆ ಅದರ ಜಾಗಕ್ಕೇ ಬೀಳಿಸುತ್ತಾನೆ. ಬಾಗಿಲ ಬಳಿ ಗುಮಾಸ್ತ, ಅಂದರೆ ನನ್ನಂಥವನು, ಪೆನ್ಸಿಲ್ ಹಿಡಿದು ನಾಲ್ಕು ಗೆರೆ ಎಳೆದು ಐದನೆಯದಕ್ಕೆ ಅಡ್ಡ ಹೊಡೆಯುತ್ತಾನೆ. ಹಮಾಲರ ಮುಖಂಡನಾದ ಮುಕ್ಕಾದಮನೂ ತನ್ನ ಬಾಯಲ್ಲಿ ಬೇರೆ ಎಣಿಸುತ್ತಿರುತ್ತಾನೆ. ಎರಡು ಲೆಕ್ಕ ತಾಳೆಯಾಗದಿದ್ದರೆ ಜಗಳ, ಮತ್ತೆ ಎಣಿಕೆ.

ದೊಡ್ಡ ವ್ಯಾಗನ್ನಿನ ಸರಕು ಒಂದು ಸಣ್ಣ ವ್ಯಾಗನ್ನಿನಲ್ಲಿ ಹಿಡಿಸುವುದಿಲ್ಲ. ಉಳಿದ ಚೀಲಗಳಿಗೆ ಇನ್ನೊಂದು ವ್ಯಾಗನ್ ಬೇಕು. ಅದು ಸಿಗುವವರೆಗೆ ಅವು ಕಟ್ಟೆಯ ಮೇಲೆ. ಕಟ್ಟೆಯ ಮೇಲಿದ್ದರೆ ಇಲಿ, ಮಳೆ, ಕಳ್ಳರು. ಕೊಕ್ಕೆ ತಗುಲಿ ಚೀಲ ಹರಿದರೆ ದಬ್ಬಳ ಸುತಳಿ ತಂದು ಅಲ್ಲೇ ಹೊಲಿಯಬೇಕು, ಚೆಲ್ಲಿದ್ದನ್ನು ಗುಡಿಸಿ ತುಂಬಬೇಕು. ಆದ್ದರಿಂದಲೇ ಬೆಳಗಾವಿಯಲ್ಲಿ ಗೋಧಿಯ ಜೊತೆ ಮಿರಜದ ಮಣ್ಣೂ ಸಿಗುತ್ತಿತ್ತು. ಹಂಚು ಬಂದರೆ ಒಂದಿಷ್ಟು ಒಡೆಯಲೇಬೇಕು. ಎಲ್ಲಕ್ಕಿಂತ ಕಷ್ಟ ವೈಶಾಖದ ಬೆಲ್ಲ. ಪೆಂಟೆಗಳು ಬಿಸಿಲಿಗೆ ಬೆವರಿ ಗೋಣಿತಟ್ಟು ಅಂಟಾಗುತ್ತದೆ. ಅದನ್ನು ಹೊತ್ತವನ ಕುತ್ತಿಗೆಯಿಂದ ಸೊಂಟದವರೆಗೆ ಪಾಕ ಇಳಿದು, ಅದರ ಮೇಲೆ ನೊಣ ಮುತ್ತಿ, ಎರಡು ಕೈಗಳೂ ತಲೆಯ ಹಿಂದೆ ಚೀಲ ಹಿಡಿದಿರುವುದರಿಂದ ಓಡಿಸಿಕೊಳ್ಳಲು ಆಗುವುದಿಲ್ಲ. ಅಂಥ ದಿನ ಅವರು ಮಧ್ಯಾಹ್ನ ಊಟಕ್ಕೆ ಮೊದಲು ನಲ್ಲಿಯ ಕೆಳಗೆ ಕುಳಿತುಬಿಡುತ್ತಿದ್ದರು.

ಪಂಢರಪುರ ಕಡೆಯ ಸರಕಿಗೆ ಇದೇ ಕೆಲಸ ಇನ್ನೊಮ್ಮೆ, ಇನ್ನೂ ಸಣ್ಣ ಡಬ್ಬಿಗೆ.

1971ರಲ್ಲಿ ಬ್ರಾಡ್ ಗೇಜ್ ಮಿರಜಕ್ಕೆ ಬಂದಾಗ ಪುಣೆ, ಸಾಂಗ್ಲಿ, ಕೊಲ್ಹಾಪುರದವರಿಗೆ ಹಬ್ಬ. ಬೆಳಗಾವಿಯ ವ್ಯಾಪಾರಿಗೆ ಅದರಿಂದ ಆದದ್ದೇನು? ಮೊದಲು ಸರಕು ಪುಣೆಯಲ್ಲಿ ಇಳಿದು ಹತ್ತುತ್ತಿತ್ತು, ಈಗ ಮಿರಜದಲ್ಲಿ. ಅಡ್ಡಗೋಡೆ ಬೀಳಲಿಲ್ಲ, ನಮ್ಮ ಕಡೆಗೆ ಸರಿಯಿತು. ಆಮೇಲೆ ಲಾರಿಗಳು ಬಂದವು. ಕೊಲ್ಹಾಪುರದಲ್ಲಿ ತುಂಬಿದ್ದನ್ನು ಹುಬ್ಬಳ್ಳಿಯ ಅಂಗಡಿಯ ಬಾಗಿಲಿಗೆ ಇಳಿಸುವ ಲಾರಿ ಇರುವಾಗ ನಡುವೆ ನನ್ನ ಪೆನ್ಸಿಲ್ ಗೆರೆಗಳಿಗಾಗಿ ಯಾರು ಕಾಯುತ್ತಾರೆ? ರಾಜ್ಯದವರೇ ಆದ ಜಾಫರ್ ಷರೀಫ್ ರೈಲು ಮಂತ್ರಿಯಾಗಿದ್ದಾಗ, 1992ರಲ್ಲಿ, ದೇಶಕ್ಕೆಲ್ಲ ಒಂದೇ ಅಳತೆ ಎಂಬ ಯೋಜನೆ ಶುರುವಾಯಿತು. ಮಿರಜ–ಲೋಂಡಾ ಹಳಿ ಬದಲಾದದ್ದು ಅದರಲ್ಲೇ. ಬಾರ್ಸಿ ಮಾರ್ಗವನ್ನು ಸರ್ಕಾರ 1954ರಲ್ಲೇ ಕೊಂಡಿತ್ತು. ಅದು ಬ್ರಾಡ್ ಆದದ್ದು 2000ದ ನಂತರ, ತುಂಡು ತುಂಡಾಗಿ. ಮಿರಜ–ಪಂಢರಪುರ ತುಂಡು ಎಲ್ಲಕ್ಕಿಂತ ಕೊನೆಗೆ.

ಕ್ಯಾಲ್ತ್ರಾಪ್‌ಗೆ ಈ ತೊಡಕು ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಸ್ಟ್ಯಾಫರ್ಡ್‌ಶೈರ್‌ನಲ್ಲಿ ಲೀಕ್–ಮ್ಯಾನಿಫೋಲ್ಡ್ ಎಂಬ ಎರಡೂವರೆ ಅಡಿಯ ಮಾರ್ಗ 1904ರಲ್ಲಿ ತೆರೆದಾಗ, ಸಣ್ಣ ಹಳಿಯ ಮೇಲೆ ಓಡುವ ತಗ್ಗಿನ ವಾಹನದ ಮೇಲೆ ದೊಡ್ಡ ಹಳಿಯ ವ್ಯಾಗನ್ನನ್ನೇ ಹತ್ತಿಸಿ ಒಯ್ಯುವ ಉಪಾಯ ಮಾಡಿದ್ದ. ಮುಖ್ಯವಾಗಿ ಹಾಲಿನ ಸಾಗಣೆಗೆ. ಆ ಮಾರ್ಗವೂ 1934ರಲ್ಲಿ ಮುಚ್ಚಿತು. ಸಮೀಪದ ಹಾಲಿನ ಡೈರಿ ಮುಚ್ಚಿ, ಉಳಿದದ್ದು ಮೋಟಾರು ಗಾಡಿಗಳ ಪಾಲಾದ ಮೇಲೆ ಉಪಾಯದಿಂದ ಏನು ಆಗಬೇಕು?

ನಿಂಬಾಳದವರೇ, ಬೇಸರ ಮಾಡಿಕೊಳ್ಳಬೇಡಿ.